ಗೇರಿಲ್ಲದ ಗಾಡಿಯಲ್ಲಿ ಅಕ್ಕನ ಮನೆಗೆ

ಪ್ರಯೂನ್ ಕಾರು ತಂದ ದಿನ ಅವನ ಹೆಂಡತಿ ಬುಪ್ಪಾಳ ಚೀಲ ಬಾಗಿಲ ಬಳಿ ಸಿದ್ಧವಾಗಿ ನಿಂತಿತ್ತು. ಅದರಲ್ಲಿ ಎರಡು ಜೊತೆ ಬಟ್ಟೆ, ಅಕ್ಕನಿಗೆಂದು ತಾನೇ ಕಾಜಾ ಹಾಕಿ ಮುಗಿಸಿದ ಒಂದು ತೆಳು ಅಂಗಿ, ಕಾಗದದಲ್ಲಿ ಸುತ್ತಿದ ಒಣಮೀನು. ನಕೋನ್ ಸವಾನಿನಿಂದ ನೆಂಟರ ಮನೆಗೆ ಹೊರಟವರು ಮೋಚಿ ಎಂಬ ಸಿಹಿ ಉಂಡೆಯ ಡಬ್ಬಿ ಇಲ್ಲದೆ ಬಸ್ಸು ಹತ್ತುವುದಿಲ್ಲ. ಆದರೆ ಅಕ್ಕ ವಾಂದೀಗೆ ಸಕ್ಕರೆ ಕಾಯಿಲೆ. ಆ ಕಾಯಿಲೆ ಈಗ ಕಣ್ಣಿಗೆ ಇಳಿದಿತ್ತು.

ಹಿಂದಿನ ದಿನ ವಾಂದೀ ಫೋನಿನಲ್ಲಿ ಹೇಳಿದ್ದಳು: "ಡಾಕ್ಟ್ರು ಇನ್ನು ಕೆಲವು ತಿಂಗಳು ಅಂದಿದಾರೆ ಕಣೇ. ಆಮೇಲೆ ಕತ್ಲೆ. ಕಣ್ಣಿರೋವಾಗ ಒಂದ್ಸಲ ಬಂದು ಮುಖ ತೋರಿಸಿ ಹೋಗು."

ಬಸ್ಸು ಒಂಬತ್ತಕ್ಕೆ. ಎಂಟೂವರೆಗೆ ಬೀದಿಯಲ್ಲಿ ಹಾರ್ನ್ ಕೇಳಿಸಿತು. ಎದುರುಮನೆಯಲ್ಲಿ ಪರಂಗಿಕಾಯಿ ಕೋಸಂಬರಿ ಕುಟ್ಟಿ ಮಾರುವ ಲಮೂನ್ ಅತ್ತೆ ಒನಕೆ ಹಿಡಿದುಕೊಂಡೇ ಹೊರಗೆ ಬರುವವರೆಗೂ ಅದು ನಿಲ್ಲಲಿಲ್ಲ.

"ಬುಪ್ಪಾ, ಚೀಲ ಒಳಗಿಡು!" ಎಂದು ಪ್ರಯೂನ್ ಕಿಟಕಿಯಿಂದ ಕೂಗಿದ. "ಇನ್ಮೇಲೆ ಈ ಮನೇಲಿ ಬಸ್ಸಿನ ಹೆಸರು ಎತ್ತಬೇಡ!"

ಗಾಡಿ ದಾಳಿಂಬೆ ಕೆಂಪು. ಕಾರಿನ ಅಳತೆಗೆ ಬಟ್ಟೆ ಕತ್ತರಿಸಿ, ಹೊಲಿಯುವಾಗ ಜೀಪಿನ ಆಸೆಯಾಗಿ, ಅರ್ಧ ದಾರಿಯಲ್ಲಿ ನಿಲ್ಲಿಸಿದ ಹಾಗಿತ್ತು. ಇಂಥದ್ದಕ್ಕೆ ಕ್ರಾಸ್‌ಓವರ್ ಅಂತಾರೆ ಎಂದು ಪ್ರಯೂನ್ ಬೀದಿಗೆಲ್ಲ ಕೇಳುವಂತೆ ವಿವರಿಸಿದ. ಕಾರಿಗೆ ಕಾರು, ಜೀಪಿಗೆ ಜೀಪು.

"ಹೊಸದೇನೋ?" ಎಂದಳು ಲಮೂನ್ ಅತ್ತೆ.

"ಹೊಸದೇ ಅಂದ್ಕೊಳ್ಳಿ ಅತ್ತೆ."

"ಅಂದ್ಕೊಂಡ್ರೆ ಆಗತ್ತಾ? ಹಾಗಾದ್ರೆ ನಾನು ಹದಿನೆಂಟು ಅಂದ್ಕೊಂಡು ಕೂತ್ಕೋತೀನಿ, ನೀನೇ ಗಂಡು ಹುಡುಕು."

ಗಾಡಿಗೆ ಒಂಬತ್ತು ವರ್ಷವಾಗಿತ್ತು. ಒಬ್ಬ ಟೀಚರಮ್ಮ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಓಡಿಸಿದ್ದು ಅಷ್ಟೇ ಎಂದು ದಲ್ಲಾಳಿ ಹೇಳಿದ್ದನಂತೆ. ಬುಪ್ಪಾ ಬಗ್ಗಿ ಒಳಗೆ ನೋಡಿದಳು. ಬ್ರೇಕಿನ ರಬ್ಬರು ಸವೆದು ನುಣ್ಣಗೆ ಹೊಳೆಯುತ್ತಿತ್ತು. ಆ ಟೀಚರಮ್ಮ ಒಂಬತ್ತು ವರ್ಷವೂ ಬ್ರೇಕಿನ ಮೇಲೇ ನಿಂತು ಪಾಠ ಮಾಡಿದ್ದರೆ ಮಾತ್ರ ಹಾಗಾಗಬೇಕು.

"ಭಾನುವಾರ ಹೋಗೋಣ," ಎಂದ ಪ್ರಯೂನ್. "ಅಷ್ಟರೊಳಗೆ ಸೀಟಿಗೆ ಕವರ್ ಹೊಲೀತೀನಿ. ನಿಮ್ಮ ಭಾವ ನೋಡ್ಬೇಕು, ಹೊಟ್ಟೆ ಉರ್ಕೊಂಡು ಸಾಯ್ಬೇಕು."

ಭಾವನ ಕಥೆ ಹನ್ನೊಂದು ವರ್ಷ ಹಳೆಯದು. ಪ್ರಯೂನ್ ಸರ್ಕಾರಿ ನೌಕರರ ಸಮವಸ್ತ್ರ ಹೊಲಿಯುವ ದರ್ಜಿ. ಆಗ ಅವನ ಬಳಿ ಇದ್ದದ್ದು ಪಕ್ಕದಲ್ಲೊಂದು ಚಕ್ರದ ತೊಟ್ಟಿ ಕಟ್ಟಿಸಿದ ಮೋಟಾರ್‌ಸೈಕಲ್. ಗುಜರಿಯವರು ಬೀದಿಬೀದಿ ತಿರುಗುವಂಥದ್ದು. ಅತ್ತೆ, ಅಂದರೆ ಬುಪ್ಪಾಳ ತಾಯಿ, ತೀರಿಕೊಂಡಾಗ ದಹನಕ್ಕೆಂದು ಹೆಂಡತಿಯನ್ನು ತೊಟ್ಟಿಯಲ್ಲಿ ಕೂರಿಸಿಕೊಂಡು, ಅರ್ಧ ದಿನ ಧೂಳು ಕುಡಿದು, ಫೆಚಾಬೂನ್ ಕಡೆಯ ಆ ಹಳ್ಳಿ ಮುಟ್ಟಿದ್ದ. ವಾಂದೀಯ ಗಂಡ ಸನಿತ್ ಅಂಗಳದ ತುದಿಯಲ್ಲಿ ನಿಂತು, ಎಲ್ಲರೆದುರಿಗೆ, "ನಮ್ಮ ಷಡ್ಡಕ ಅತ್ತೇನ ಸುಡೋಕೆ ಬಂದ್ನೋ, ಹಳೇ ಪೇಪರ್ ಕೊಳ್ಳೋಕೆ ಬಂದ್ನೋ?" ಎಂದಿದ್ದ. ಜನ ನಕ್ಕರು. ಭಿಕ್ಷುಗಳಲ್ಲೂ ಒಬ್ಬರು ಬೀಸಣಿಗೆ ಅಡ್ಡ ಹಿಡಿದುಕೊಂಡರು. ಹೊಸ ಕಾರಿಲ್ಲದೆ ಆ ಅಂಗಳ ತುಳಿಯುವುದಿಲ್ಲವೆಂದು ಪ್ರಯೂನ್ ಅಂದೇ ಶಪಥ ಮಾಡಿದ. ಶಪಥ ಅವನ ಕಾಲಿನದು. ಗಂಡ ಹೆಂಡತಿ ಜೊತೆಗೇ ಹೋಗಬೇಕಾದ ನೆಂಟಸ್ತಿಕೆಯಾದ್ದರಿಂದ ಬುಪ್ಪಾಳ ಕಾಲಿಗೂ ಅದು ತಾನಾಗಿ ಸುತ್ತಿಕೊಂಡಿತು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಹನ್ನೊಂದಾಯಿತು.

ಬುಪ್ಪಾ ಚೀಲ ಒಳಗಿಟ್ಟಳು. ಭಾನುವಾರವೆಂದರೆ ಇನ್ನು ನಾಲ್ಕೇ ದಿನ.

ಶನಿವಾರ ಗಾಡಿಗೆ ಆಶೀರ್ವಾದವಾಗಬೇಕಿತ್ತು. ವಿಹಾರದ ಹಿರಿಯ ಗುರುಗಳು ಎಂಬತ್ತು ದಾಟಿದವರು. ಗಂಧದ ಬಟ್ಟಲು ಹಿಡಿದು, ಡ್ರೈವರ್ ಸೀಟಿನ ತಲೆಯ ಮೇಲಿನ ಚಾವಣಿಗೆ ಚುಕ್ಕೆ ಇಡಲು ಕತ್ತು ಬಗ್ಗಿಸಿ ಒಳಹೊಕ್ಕವರು ಹಾಗೇ ನಿಂತರು.

"ಇಲ್ಲಿ ಆಗಲೇ ಇದೆಯಲ್ಲಪ್ಪ."

"ಏನು ಗುರುಗಳೇ?"

"ಚುಕ್ಕೆ. ಒಂಬತ್ತು." ಅವರು ಕನ್ನಡಕ ಏರಿಸಿ ಇನ್ನೂ ಹತ್ತಿರದಿಂದ ನೋಡಿದರು. "ಇದು ನನ್ನ ಕೈನೇ. ಕೊನೇ ಚುಕ್ಕೆ ಯಾವಾಗಲೂ ಓರೆ ಬೀಳುತ್ತೆ ನಂದು. ಹಂದಿ ಸಾಕೋನೊಬ್ಬ ತಂದಿದ್ದ ಈ ಗಾಡಿನ. ಹಿಂದಿನ ಸೀಟಲ್ಲಿ ಎರಡು ಮರಿ ಕೂತಿದ್ವು."

ಸುತ್ತ ನಿಂತಿದ್ದ ಬೀದಿಯ ಜನ ಪ್ರಯೂನನ ಮುಖ ನೋಡಿದರು. "ಟೀಚರಮ್ಮ ಎಲ್ಲಿ ಹೋದ್ಲೋ?" ಎಂದಳು ಲಮೂನ್ ಅತ್ತೆ. ಗುರುಗಳು ಮಾತ್ರ ದೊಡ್ಡ ಮನಸ್ಸು ಮಾಡಿ, ಹಳೆಯ ಆಶೀರ್ವಾದ ಇನ್ನೂ ಉದುರಿಲ್ಲ, ಅದರ ಮೇಲೇ ಇನ್ನೊಂದು ಸಲ ಹಚ್ಚಿದರೆ ದೋಷವಿಲ್ಲ ಎಂದು ಒಂಬತ್ತು ಚುಕ್ಕೆಗಳ ಮೇಲೆ ಒಂಬತ್ತು ಚುಕ್ಕೆ ಇಟ್ಟರು.

ವಿಹಾರದ ಗೇಟು ದಾಟುವಷ್ಟರಲ್ಲಿ ಏಸಿ ಬಿಸಿಗಾಳಿ ಉಗುಳತೊಡಗಿತು.

ಮೇಸ್ತ್ರಿ ಸಯಾನನ ಗ್ಯಾರೇಜು ಎರಡು ಬೀದಿ ಆಚೆ. ಅವನು ಮಾತಿಗಿಂತ ನಿಟ್ಟುಸಿರು ಹೆಚ್ಚು ಬಿಡುವವನು. ಯಾರ ಗಾಡಿಯ ಬಾನೆಟ್ ಎತ್ತಿದರೂ ಮೊದಲು ಒಂದು ನಿಟ್ಟುಸಿರು. ಅದರ ಉದ್ದದ ಮೇಲೆ ಖರ್ಚು ಎಷ್ಟೆಂದು ಗಿರಾಕಿಗಳು ಅಂದಾಜು ಮಾಡಿಕೊಳ್ಳುತ್ತಿದ್ದರು. ಪ್ರಯೂನನ ಗಾಡಿಗೆ ಅವನು ಬಿಟ್ಟ ನಿಟ್ಟುಸಿರಿಗೆ ಪಕ್ಕದ ಮರದ ಕಾಗೆ ಹಾರಿಹೋಯಿತು.

"ಕಂಪ್ರೆಸರ್ ಹೋಗಿದೆ ಅಣ್ಣಾ. ಹತ್ತು ದಿನ ಬೇಕು."

"ಏಸಿ ಇಲ್ದೆ ಹೋಗೋಣ್ರೀ," ಎಂದಳು ಬುಪ್ಪಾ. "ಎರಡೂವರೆ ಗಂಟೆ ದಾರಿ ತಾನೇ. ಕಿಟಕಿ ತೆಗೆದ್ರಾಯ್ತು."

"ಬೆವರು ಸುರಿಸ್ಕೊಂಡು ಇಳಿಯೋದಕ್ಕೆ ತೊಟ್ಟಿ ಗಾಡೀನೇ ಸಾಕಿತ್ತಲ್ಲೇ!"

ಒಣಮೀನು ಚೀಲದಿಂದ ಫ್ರಿಜ್ಜಿಗೆ ಹೋಯಿತು.

ಕಂಪ್ರೆಸರ್ ಬಂತು. ಅದನ್ನು ಕೂರಿಸುವಾಗ ಇಂಜಿನ್ ಕೂತಿರುವ ರಬ್ಬರುಗಳು ಹರಿದಿರುವುದು ಕಂಡಿತು. ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ಚಳಿಜ್ವರ ಬಂದಂತೆ ನಡುಗುತ್ತಿದ್ದದ್ದು ಅದಕ್ಕೇ. "ಗುಂಡಿ ಕಿತ್ತ ಪ್ಯಾಂಟಿದ್ದ ಹಾಗೆ," ಎಂದು ಪ್ರಯೂನ್ ಹೆಂಡತಿಗೆ ವಿವರಿಸಿದ. "ಬೀಳಲ್ಲ, ಆದ್ರೆ ನಂಬೋ ಹಾಗಿಲ್ಲ." ರಬ್ಬರು ಬದಲಾದ ವಾರಕ್ಕೆ ರೇಡಿಯೇಟರ್ ಸೋರಿತು. ಅದು ನಿಂತ ಮೇಲೆ ಹಿಂದಿನ ಎಡ ಚಕ್ರ ಗುಂಯ್ ಎಂದು ಹಾಡತೊಡಗಿತು. ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಾಗ ಪ್ರಯೂನ್ ಅದಕ್ಕೊಂದು ಕಪ್ಪು ಬಟ್ಟೆಯ ತೇಪೆ ಅಂಟಿಸಿದ. ಏಳು ವರ್ಷ ದಾಟಿದ ಗಾಡಿಗೆ ತೆರಿಗೆಯ ಮುಂಚೆ ತಪಾಸಣೆಯಾಗಬೇಕಲ್ಲ, ಅಲ್ಲಿ ಆ ತೇಪೆ ಕಿತ್ತರು. ತೇಪೆಯ ಕೆಳಗೆ ಆಗ ಮೂರು ದೀಪ ಉರಿಯುತ್ತಿದ್ದವು.

ಪ್ರತಿ ಸಲವೂ ಅಕ್ಕನಿಗೆ ಫೋನ್ ಮಾಡುವ ಕೆಲಸ ಬುಪ್ಪಾಳದು.

"ಬರೋ ವಾರ ಬರ್ತೀವಿ ಅಕ್ಕಾ. ರೇಡಿಯೇಟರ್ ಒಂದು ಆಗ್ಬಿಟ್ರೆ..."

"ಬಾ, ಅವಸರ ಇಲ್ಲ. ಈಗ ಅಕ್ಕೀಲಿ ಕಲ್ಲು ಕಾಣ್ತಿಲ್ಲ ಅಷ್ಟೇ. ನಿನ್ನೆ ನಿನ್ನ ಭಾವನ ಹಲ್ಲು ಮುರೀತು." ಮೂವತ್ತು ವರ್ಷ ಅಕ್ಕಿ ಗಿರಣಿ ನಡೆಸಿದವಳು ವಾಂದೀ. ತನ್ನ ಅಕ್ಕಿಯಲ್ಲಿ ಕಲ್ಲು ಎನ್ನುವಾಗ ಅವಳು ಜೋರಾಗಿ ನಕ್ಕಳು.

ಚಕ್ರದ ಹೊತ್ತಿಗೆ, "ಟೀವೀಲಿ ಯಾರು ಅಳ್ತಿದಾರೆ ಗೊತ್ತಾಗಲ್ಲ ಕಣೇ. ದನಿ ಕೇಳಿ ನಾನೂ ಅಳ್ತೀನಿ. ಆಮೇಲೆ ನೋಡಿದ್ರೆ ಅದು ಸೋಪಿನ ಜಾಹೀರಾತು," ಎಂದಳು.

ತಪಾಸಣೆಯ ಹೊತ್ತಿಗೆ ಅವಳ ನಗು ಸ್ವಲ್ಪ ಕಡಿಮೆಯಾಗಿತ್ತು. "ನಿನ್ನ ಮದ್ವೆ ಫೋಟೋ ಇಳಿಸಿ, ಕಿಟಕಿ ಹತ್ರ ಹಿಡ್ಕೊಂಡ್ರೆ ಮೂಗಿನ ತನಕ ಕಾಣ್ತೀಯ. ಬೇಗ ಬರೋದಾದ್ರೆ ಮಿಕ್ಕಿದ್ದು ನೋಡ್ತಿದ್ದೆ."

ಆ ದಿನ ಬುಪ್ಪಾ ಹದಿನಾಲ್ಕು ಅಂಗಿಗಳಿಗೆ ಕಾಜಾ ಹಾಕಿದಳು. ಎಲ್ಲವನ್ನೂ ಎಡಗಡೆ ಹಾಕುವ ಬದಲು ಬಲಗಡೆ ಹಾಕಿದ್ದಳು. ಜಿಲ್ಲಾ ಕಚೇರಿಯ ಹದಿನಾಲ್ಕು ಗಂಡಸರು ಹೆಂಗಸರ ಅಂಗಿ ತೊಟ್ಟು ಸೋಮವಾರದ ಧ್ವಜವಂದನೆಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು.

ಆಮೇಲೆ ಗೇರ್‌ಬಾಕ್ಸ್ ಕೂಗತೊಡಗಿತು. ವೇಗ ಏರಿಸಿದರೆ ಸೊಳ್ಳೆ ಹಿಂಡಿನ ಸದ್ದು. ಏರಿನಲ್ಲಿ ಮುಂದೆ ಹೋಗಲೋ ಬೇಡವೋ ಎಂದು ಯೋಚಿಸುವ ಹಾಗೆ ತಡವರಿಸುವುದು. ಸಯಾನ್ ಗಾಡಿಯ ಕೆಳಗೆ ಮಲಗಿ ಬಹಳ ಹೊತ್ತು ತಡಕಾಡಿದ. ಹೊರಗೆ ಬಂದು, "ಅಣ್ಣಾ, ಇದು ಗೇರಿಲ್ಲದ ಗೇರ್‌ಬಾಕ್ಸ್," ಎಂದ.

"ಏನಂದೆ?"

"ಇದ್ರಲ್ಲಿ ಹಲ್ಲಿನ ಗೇರ್ ಇರಲ್ಲ. ಎರಡು ರಾಟೆ, ಮಧ್ಯೆ ಒಂದು ಬೆಲ್ಟು. ಅದು ಸವೆದಿದೆ."

ಪ್ರಯೂನನ ಕಿವಿಗೆ ಬಿದ್ದದ್ದು ಗೇರ್ ಇಲ್ಲ ಎನ್ನುವವರೆಗೆ ಮಾತ್ರ. ಅಷ್ಟಕ್ಕೇ ಅವನು ಅಳತೆ ಟೇಪು ಕೊರಳಲ್ಲಿದ್ದಂತೆಯೇ ದಲ್ಲಾಳಿಯ ಅಂಗಡಿಗೆ ನುಗ್ಗಿದ.

"ಗೇರ್ ಎಲ್ಲಿ ಬಚ್ಚಿಟ್ಟಿದೀಯ?"

"ಯಾವ ಗೇರು ಅಣ್ಣಾ?"

"ನನ್ನ ಗೇರು! ಬಾಕ್ಸ್ ಬಿಚ್ಚಿ ನೋಡಿದ್ರೆ ಒಳಗೆ ಒಂದೂ ಇಲ್ಲ! ಒಂಬತ್ತು ವರ್ಷದಲ್ಲಿ ಒಂದೊಂದಾಗಿ ಕದ್ದು ಮಾರಿದೀರಿ!"

"ಅಯ್ಯೋ, ಅದಕ್ಕೆ ಕಂಪನಿಯೋರೇ ಗೇರ್ ಕೊಟ್ಟಿಲ್ಲ ಅಣ್ಣಾ."

"ಗೇರ್ ಕೊಡದೆ ಇರೋರು ಬಾಕ್ಸ್ ಯಾಕೆ ಕೊಟ್ರು? ಗುಂಡಿ ಇಲ್ಲ ಅಂತ ಗೊತ್ತಿದ್ರೆ ಕಾಜಾ ಯಾಕೆ ಹಾಕ್ತಾರೆ?"

ದಲ್ಲಾಳಿ ತನ್ನ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. ಸುತ್ತ ನೆರೆದವರೂ ಮುಟ್ಟಿ ನೋಡಿಕೊಂಡರು. ಬೆಲ್ಟು ಮಾತ್ರ ಸಿಕ್ಕಲಿಲ್ಲ. ಒಂದು ತಿಂಗಳು ಕಾಯಬೇಕೆಂದರು. ಅಲ್ಲಿಯವರೆಗೆ ನಿಧಾನವಾಗಿ, ಊರೊಳಗೆ ಮಾತ್ರ ಓಡಿಸಬಹುದು.

ಜುಲೈ ತಿಂಗಳು, ಭಿಕ್ಷುಗಳು ಮಳೆಗಾಲವಿಡೀ ವಿಹಾರದಲ್ಲೇ ಉಳಿಯುವ ವರ್ಷಾವಾಸ ಆ ಶನಿವಾರ ಶುರುವಾಗಲಿತ್ತು. ಮಂಗಳವಾರ ಬೆಳಿಗ್ಗೆ ಗಂಡ ಗಿರಾಕಿಯೊಬ್ಬರ ಸೊಂಟ ಅಳೆಯುತ್ತಿದ್ದಾಗ ಬುಪ್ಪಾ ಚೀಲ ತೆಗೆದುಕೊಂಡಳು, ಫ್ರಿಜ್ಜಿನಿಂದ ಮೀನು ತೆಗೆದುಕೊಂಡಳು, ಹಿಂಬಾಗಿಲಿನಿಂದ ಹೊರಟಳು. ಆದರೆ ಆ ಬೀದಿಯಲ್ಲಿ ಹಿಂಬಾಗಿಲೂ ಲಮೂನ್ ಅತ್ತೆಯ ಕಣ್ಣಿನೆದುರೇ ಇತ್ತು.

"ಏನೇ ಇದು, ಮನೇಲಿ ಕಾರಿಟ್ಕೊಂಡು ಬಸ್ಸಿಗಾ? ಜಗಳ ಆಯ್ತಾ?"

"ಇಲ್ಲ ಅತ್ತೆ. ಕಾರಿದೆ ಅಂತಲೇ ಬಸ್ಸಿಗೆ ಹೋಗ್ತಿದೀನಿ."

ಬಸ್ ನಿಲ್ದಾಣದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಚೀಲ ತೊಡೆಯ ಮೇಲಿಟ್ಟುಕೊಂಡಳು. ಇಂಜಿನ್ ಶುರುವಾಯಿತು. ಗೇರಿದ್ದ ಇಂಜಿನ್ನು, ಅದರ ಸದ್ದು ಅವಳಿಗೆ ಆ ಕ್ಷಣ ಮಂತ್ರ ಪಠಣಕ್ಕಿಂತ ಇಂಪಾಗಿ ಕೇಳಿಸಿತು. ಬಸ್ಸು ಒಂದು ಮಾರು ಹಿಂದೆ ಸರಿದಿತ್ತು, ಅಷ್ಟರಲ್ಲಿ ದಾಳಿಂಬೆ ಕೆಂಪು ಗಾಡಿ ಹಾರ್ನ್ ಬಾರಿಸುತ್ತ ಹೊರಹೋಗುವ ದಾರಿಯಿಂದಲೇ ಒಳನುಗ್ಗಿ, ಬಸ್ಸಿನ ಹಿಂಬದಿಗೆ ಅಡ್ಡ ಬಂದು, ಒಮ್ಮೆ ಕೆಮ್ಮಿ, ನಿಂತೇಬಿಟ್ಟಿತು.

ಪ್ರಯೂನ್ ಇಳಿದು ಕಿಟಕಿಯ ಕೆಳಗೆ ಓಡಿಬಂದ. "ಇಳಿಯೇ! ಸ್ವಂತ ಗಾಡಿ ಇಟ್ಕೊಂಡು ಬಸ್ಸಲ್ಲಿ ಹೋಗಿ ನನ್ನ ಮಾನ ಕಳೀತೀಯಾ?"

"ನಿಮ್ಮ ಮಾನ ಆಮೇಲೆ, ಮೊದಲು ನಿಮ್ಮ ಗಾಡಿ ತೆಗೀರಿ!" ಎಂದು ಬಸ್ ಡ್ರೈವರ್ ಕೂಗಿದ.

"ತೆಗೀತೀನಿ, ಸ್ಟಾರ್ಟ್ ಆಗ್ಬೇಕಲ್ಲ!"

ಹಿಂದೆ ಲೋಪ್‌ಬುರಿ ಬಸ್ಸು, ಅದರ ಹಿಂದೆ ಫಿಚಿತ್ ಬಸ್ಸು. ಎಲ್ಲ ಹಾರ್ನುಗಳು ಒಟ್ಟಿಗೆ. ಕಂಡಕ್ಟರ್ ಪ್ರಯಾಣಿಕರನ್ನೆಲ್ಲ ಇಳಿಸಿದ. ಒಬ್ಬ ಭಿಕ್ಷು, ಇಬ್ಬರು ಸೈನಿಕರು, ಬುಟ್ಟಿಯಲ್ಲಿ ಬಾತುಕೋಳಿ ಇಟ್ಟುಕೊಂಡ ಮುದುಕಿ, ಎಲ್ಲರೂ ಕೈ ಹಚ್ಚಿದರು. ಬುಪ್ಪಾಳೂ ಇಳಿದು ಡಿಕ್ಕಿಗೆ ಭುಜ ಕೊಟ್ಟಳು. ತಾನು ಹೋಗಬೇಕಾದ ಬಸ್ಸಿಗೆ ದಾರಿಯಾಗಲಿ ಎಂದು ಎಲ್ಲರಿಗಿಂತ ಹೆಚ್ಚು ಬಲವಾಗಿ ನೂಕಿದವಳು ಅವಳೇ.

"ಗೇರಿಲ್ಲದ ಗಾಡಿ ನೂಕಬಾರದಂತೆ, ಸಯಾನ್ ಹೇಳಿದಾನೆ! ನಿಧಾನ, ನಿಧಾನ!" ಎಂದು ಪ್ರಯೂನ್ ಸ್ಟೀರಿಂಗ್ ಹಿಡಿದು ಒಳಗಿನಿಂದ ಕಿರುಚುತ್ತಿದ್ದ.

ಗಾಡಿ ಉರುಳಿ ಐಸ್ ಅಂಗಡಿಯ ಮುಂದೆ ನಿಂತಿತು. ಪ್ರಯಾಣಿಕರು ಓಡಿಹೋಗಿ ಬಸ್ಸು ಹತ್ತಿದರು. ಬುಪ್ಪಾಳೂ ಓಡುತ್ತಿದ್ದಳು; ಆದರೆ ಅವಳ ಮಣಿಕಟ್ಟು ಕಿಟಕಿಯಿಂದ ಚಾಚಿದ ಗಂಡನ ಕೈಯಲ್ಲಿತ್ತು.

"ನೀನು ಹೊರಟ್ರೆ ನಾನೊಬ್ನೇ ಇದನ್ನ ಏನು ಮಾಡ್ಲೇ?" ಎಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಸಂತೆಯಲ್ಲಿ ಕೈ ತಪ್ಪಿದ ಮಗುವಿನ ದನಿಯಾಗಿತ್ತು. "ಎಲ್ರೂ ನೋಡ್ತಿದಾರೆ ಬುಪ್ಪಾ."

ಎಲ್ಲರೂ ನೋಡುತ್ತಿದ್ದದ್ದು ನಿಜ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಚೀಲ ಬಸ್ಸಿನಲ್ಲೇ ಉಳಿದಿತ್ತು. ಎರಡು ದಿನದ ಮೇಲೆ ನಿಲ್ದಾಣದವರು ಫೋನ್ ಮಾಡಿ, ವಾಸನೆ ತಡೆಯೋಕಾಗ್ತಿಲ್ಲ, ಬಂದು ತಗೊಂಡು ಹೋಗಿ ಎಂದರು.

ಅದಾದ ಮೇಲೆ ವಾಂದೀ ಫೋನಿನಲ್ಲಿ ಕಣ್ಣಿನ ವಿಷಯ ಎತ್ತುವುದು ಬಿಟ್ಟಳು. "ಹೇಗಿದೀಯ ಅಕ್ಕಾ?" ಎಂದರೆ, "ಹೂಂ, ಹಾಗೇ ಇದೀನಿ. ಗಾಡಿ ಹೇಗಿದೆ?" ಎನ್ನುತ್ತಿದ್ದಳು. ಬುಪ್ಪಾಳಿಗೆ ಇದರಿಂದ ಧೈರ್ಯವೇ ಬಂದಿತು. ಕಾಯಿಲೆ ಅಲ್ಲೇ ನಿಂತಿರಬೇಕು ಎಂದುಕೊಂಡಳು.

ಆಗಸ್ಟ್ ಕೊನೆಗೆ ಬೆಲ್ಟು ಬಂತು. ಗಾಡಿ ಸಿದ್ಧವಾಯಿತು. ಹೊರಡುವ ದಿನ ಬುಪ್ಪಾ ಹೊಸ ಮೀನು ಕಟ್ಟಿಕೊಂಡು ಹೊರಬಂದರೆ ಗಾಡಿಯ ಮುಂದೆ ಕೆಂಪು ನಂಬರ್ ಫಲಕ ನೇತಾಡುತ್ತಿತ್ತು. ಷೋರೂಮಿನಿಂದ ಇಳಿದ ಗಾಡಿಗೆ ಖಾಯಂ ನಂಬರು ಬರುವವರೆಗೆ ಕೊಡುತ್ತಾರಲ್ಲ, ಅಂಥದ್ದು. ಅದಿದ್ದರೆ ಊರೆಲ್ಲ ತಿರುಗಿ ನೋಡುತ್ತದೆ. ಖಾಯಂ ನಂಬರು ಬಂದ ಮೇಲೂ ತೆಗೆಯಲು ಮನಸ್ಸಾಗದೆ ವರ್ಷಗಟ್ಟಲೆ ಇಟ್ಟುಕೊಂಡವರಿದ್ದಾರೆ.

"ಇದೆಲ್ಲಿಂದ ಬಂತು?"

"ಷೋರೂಮಿನ ಕಾವಲುಗಾರ ಎರಡು ದಿನಕ್ಕೆ ಕೊಟ್ಟಿದಾನೆ. ಅವನ ಮಗಳ ಮದ್ವೆ ಕೋಟು ನಾನೇ ಹೊಲೀಬೇಕು."

"ಒಂಬತ್ತು ವರ್ಷದ ಗಾಡಿಗಾ?"

"ಪಾಲಿಷ್ ಮಾಡ್ಸಿದೀನಿ. ನಿಮ್ಮ ಭಾವಂಗೆ ಏನು ಗೊತ್ತಾಗತ್ತೆ?"

ಬೆಳಿಗ್ಗೆ ಎಂಟಕ್ಕೆ ಹೊರಟರು. ಹತ್ತಕ್ಕೆ ಒಂದು ಟೈರು, ಹನ್ನೆರಡಕ್ಕೆ ರೇಡಿಯೇಟರಿನ ಪೈಪು. ಹಳ್ಳಿಯ ಗ್ಯಾರೇಜಿನವನು ಊಟ ಮಾಡಿ, ಮಲಗಿ, ಎದ್ದು ಪೈಪು ಕಟ್ಟಿದಾಗ ಐದಾಗಿತ್ತು. ಅಕ್ಕನ ಊರಿಗೆ ಇಪ್ಪತ್ತು ಕಿಲೋಮೀಟರಿದೆ ಎನ್ನುವಾಗ ಪೊಲೀಸರು ಕೈ ಅಡ್ಡ ಹಿಡಿದರು. ಸೂರ್ಯ ಕಬ್ಬಿನ ಗರಿಯ ಮಟ್ಟಕ್ಕೆ ಇಳಿದಿದ್ದ.

ದಪ್ಪ ಮೀಸೆಯ ಅಧಿಕಾರಿ ಗಾಡಿಯನ್ನು ಒಂದು ಸುತ್ತು ಹಾಕಿದ. ಬಾಗಿಲ ಅಂಚಿನ ತುಕ್ಕನ್ನು ಉಗುರಿನಿಂದ ಕೆರೆದ.

"ಕೆಂಪು ಫಲಕ. ಸೂರ್ಯ ಮುಳುಗಿದ ಮೇಲೆ ಓಡಿಸೋ ಹಾಗಿಲ್ಲ, ಗೊತ್ತಲ್ವಾ?"

"ಇನ್ನೂ ಕಾಲು ಗಂಟೆ ಇದೆ ಸಾರ್," ಎಂದ ಪ್ರಯೂನ್.

"ಸರಿ. ಒಂದು ಮಾತು ಕೇಳ್ತೀನಿ. ಗಾಡಿ ಹೊಸದು ಅಂದ್ರೆ ಇಲ್ಲೇ ಪಕ್ಕಕ್ಕೆ ಹಾಕಿ, ಬೆಳಗಾದ ಮೇಲೆ ಹೋಗಿ. ಹಳೇದು ಅಂದ್ರೆ ಈ ಫಲಕ ಸುಳ್ಳು, ಅದಕ್ಕೆ ಬೇರೆ ಲೆಕ್ಕ. ಹೇಳಿ, ಹೊಸದೋ ಹಳೇದೋ?"

ಪ್ರಯೂನ್ ಅಧಿಕಾರಿಯ ಅಂಗಿ ನೋಡಿದ. "ಸಾರ್, ನಿಮ್ಮ ಈ ಸಮವಸ್ತ್ರ ಕಂಕುಳಲ್ಲಿ ಬಿಗಿ ಅಲ್ವಾ? ಯಾರು ಹೊಲ್ದಿದ್ದು? ನಾನಾಗಿದ್ರೆ..."

"ಹೊಸದೋ? ಹಳೇದೋ?"

ಪ್ರಯೂನ್ ಸೀಟು ಹಿಂದಕ್ಕೆ ಬಾಗಿಸಿದ. ರಾತ್ರಿಯೆಲ್ಲ ಅಲ್ಲೇ ಮಲಗುವುದಕ್ಕೂ ಅವನು ತಯಾರು. "ಹೊಸ..." ಎಂದು ಅವನು ಶುರುಮಾಡಿದ್ದನ್ನು ಬುಪ್ಪಾ ಮುಗಿಸಲು ಬಿಡಲಿಲ್ಲ.

"ಹಳೇದು ಸಾರ್," ಎಂದಳು. ಗಾಡಿಯಿಂದ ಇಳಿದು ನಿಂತಳು. "ಒಂಬತ್ತು ವರ್ಷ. ಹಂದಿ ಸಾಕೋನ ಗಾಡಿ. ಏಸಿ ಕಂಪ್ರೆಸರ್ ಹೋಗಿ ಹಾಕ್ಸಿದೀವಿ. ಇಂಜಿನ್ ಕೆಳಗಿನ ರಬ್ಬರು ನಾಲ್ಕೂ ಹರಿದಿತ್ತು. ರೇಡಿಯೇಟರ್ ಸೋರತ್ತೆ, ಇವತ್ತೂ ಸೋರ್ತು. ಹಿಂದಿನ ಎಡಚಕ್ರದ ಬೇರಿಂಗು ಎರಡು ಸಲ ಹಾಕ್ಸಿದ್ರೂ ಹಾಡತ್ತೆ. ಗೇರ್‌ಬಾಕ್ಸಲ್ಲಿ ಗೇರಿಲ್ಲ, ಬೆಲ್ಟಿಗೆ ಆರು ವಾರ ಕಾದ್ವಿ. ಮತ್ತೆ ಅಂಟಿಸಿರೋ ಆ ತೇಪೆ ಕೆಳಗೆ ಮೂರು ದೀಪ ಉರೀತಿವೆ, ಬೇಕಿದ್ರೆ ಕಿತ್ತು ನೋಡಿ. ನನ್ನ ಅಕ್ಕಂಗೆ ಕಣ್ಣು ಹೋಗ್ತಿದೆ ಸಾರ್. ಹೋಗೋದ್ರೊಳಗೆ ನನ್ನ ಮುಖ ನೋಡ್ಬೇಕು ಅಂದ್ಲು. ಅದಾಗಿ ಆರು ತಿಂಗಳಾಯ್ತು."

ಆರು ತಿಂಗಳಲ್ಲಿ ಅವಳು ಅಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು. ಪ್ರಯೂನ್ ಸ್ಟೀರಿಂಗನ್ನು ನೋಡುತ್ತ ಕೂತಿದ್ದ.

ಅಧಿಕಾರಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಗೇರ್‌ಬಾಕ್ಸು... ಏರಿನಲ್ಲಿ ತಡವರಿಸುತ್ತಾ?"

"ಹೂಂ."

"ಸೊಳ್ಳೆ ಕೂಗಿದ ಹಾಗೆ?"

"ಹಿಂಡು ಸೊಳ್ಳೆ."

"ನನ್ನ ಹೆಂಡತಿ ಗಾಡೀನೂ ಹೀಗೇ ಅಮ್ಮಾ," ಎಂದ ಅಧಿಕಾರಿ, ದನಿ ತಗ್ಗಿಸಿ. "ಬೆಲ್ಟು ಎಲ್ಲಿ ಸಿಕ್ತು?"

ಸಯಾನನ ನಂಬರು ಬರೆದುಕೊಂಡ. ಕೆಂಪು ಫಲಕ ಬಿಚ್ಚಿಸಿ ತನ್ನ ಮೇಜಿನ ಮೇಲಿಟ್ಟುಕೊಂಡು, ದಂಡದ ಚೀಟಿ ಹರಿದು ಕೊಟ್ಟು, ಹಳೆಯ ಫಲಕ ಹಾಕಿಕೊಳ್ಳುವವರೆಗೆ ತಾನೇ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತ.

ಉಳಿದ ಇಪ್ಪತ್ತು ಕಿಲೋಮೀಟರು ಚಕ್ರ ಮಾತ್ರ ಹಾಡುತ್ತಿತ್ತು. ಊರು ಹತ್ತಿರವಾದಾಗ ಪ್ರಯೂನ್, "ನಿಮ್ಮ ಭಾವ ಏನಾದ್ರೂ ಅಂದ್ರೆ ನಾನು ಇಳಿಯೋದೇ ಇಲ್ಲ," ಎಂದ. ಹನ್ನೊಂದು ವರ್ಷದಿಂದ ಅವನು ಸನಿತನಿಗೆ ಕೊಡಬೇಕಾದ ಉತ್ತರಗಳನ್ನು ಹೊಲಿದು, ಇಸ್ತ್ರಿ ಮಾಡಿ, ಮಡಚಿಟ್ಟುಕೊಂಡಿದ್ದ. ಎಲ್ಲವೂ ಹೊಸ ಗಾಡಿಯ ಅಳತೆಗೆ ಹೊಲಿದವು.

ಅಂಗಳದಲ್ಲಿ ಇನ್ನೂ ಮಬ್ಬು ಬೆಳಕಿತ್ತು. ಅಕ್ಕ ಭಾವ ಇಬ್ಬರೂ ಗೇಟಿನ ಬಳಿ ಕಾಯುತ್ತಿದ್ದರು. ವಾಂದೀ ತಲೆ ಬಾಚಿ, ಹಬ್ಬದ ಬಟ್ಟೆ ಉಟ್ಟು ನಿಂತಿದ್ದಳು. ಸನಿತನ ಕೂದಲು ಪೂರ್ತಿ ನೆರೆತಿತ್ತು. ಅವನು ಹೆಂಡತಿಯ ಮೊಣಕೈಯನ್ನು, ಹಿಡಿದಂತೆ ಕಾಣದ ಹಾಗೆ, ಹಿಡಿದಿದ್ದ.

ಗಾಡಿ ನಿಂತಿತು. ಪ್ರಯೂನ್ ಇಳಿದು, ನಂಬರ್ ಫಲಕ ಕಾಣದಂತೆ ಮುಂದೆ ಬಂದು ನಿಂತು, ಷಡ್ಡಕನ ಬಾಯಿಯನ್ನೇ ನೋಡಿದ.

ಮಾತಾಡಿದ್ದು ವಾಂದೀ.

"ಅಬ್ಬಬ್ಬಾ! ಎಂಥ ಗಾಡಿ ತಂದಿದೀಯಪ್ಪ ಪ್ರಯೂನ್! ಹೊಸದೂ ಅಂದ್ರೆ ಹೊಸದು! ಎಷ್ಟು ಚೆನ್ನಾಗಿದೆ ನೋಡು ಬಿಳೀ ಬಣ್ಣ, ಸಂಜೇಲೂ ಹೊಳೀತಿದೆ!"

ದಾಳಿಂಬೆ ಕೆಂಪು ಗಾಡಿಯ ಮುಂದೆ ನಿಂತು ಪ್ರಯೂನ್ ಬಾಯಿ ತೆರೆದ. ಸನಿತ್ ತಲೆಯನ್ನು ಒಂದೇ ಒಂದು ಸಲ, ಅತ್ತಿತ್ತ ಆಡಿಸಿದ. ಬೇಡ.

"ಹೂಂ ಅಕ್ಕಾ," ಎಂದ ಪ್ರಯೂನ್ ಕೊನೆಗೆ. "ಬಿಳಿ. ಬಿಳೀನೇ ಬೇಕು ಅಂತ ಹುಡುಕಿ ತಂದೆ."

ಅವನು ಹುಟ್ಟಿದಾಗಿನಿಂದ ಹೇಳಿದ ಸುಳ್ಳುಗಳಲ್ಲಿ ಅಳತೆಗೆ ಸರಿಯಾಗಿ ಕೂತದ್ದು ಅದೊಂದೇ. ಸನಿತ್ ಮುಂದೆ ಬಂದು ಅವನ ಭುಜದ ಮೇಲೆ ಕೈಯಿಟ್ಟು, "ಒಳ್ಳೇ ಗಾಡಿ ತಮ್ಮಾ. ಬಾ, ಕಾಲು ತೊಳ್ಕೋ," ಎಂದ. ಮಡಚಿಟ್ಟ ಉತ್ತರಗಳೆಲ್ಲ ಪ್ರಯೂನನ ಎದೆಯಲ್ಲೇ ಉಳಿದವು.

ನೀರಿನ ಹಂಡೆಯ ಬಳಿ ಸನಿತ್ ನಾದಿನಿಗೆ ತಗ್ಗಿದ ದನಿಯಲ್ಲಿ ಹೇಳಿದ: "ವರ್ಷಾವಾಸ ಶುರುವಾದ ಶನಿವಾರ ಬೆಳಿಗ್ಗೆ. ಕಣ್ಣೊಳಗೆ ರಕ್ತ ಇಳೀತಂತೆ. ಹಿಂದಿನ ದಿನದ ತನಕ ಅಷ್ಟಿಷ್ಟು ಕಾಣ್ತಿತ್ತು. ನಿಂಗೆ ಹೇಳ್ಬೇಡ ಅಂದ್ಲು. ಹೇಳಿದ್ರೆ ದಾರಿಯೆಲ್ಲಾ ಅಳ್ತಾ ಬರ್ತಾಳೆ ಅಂದ್ಲು."

ಬುಪ್ಪಾ ಬೆರಳು ಮಡಚಿದಳು. ಬಸ್ ನಿಲ್ದಾಣದಲ್ಲಿ ಗಾಡಿ ನೂಕಿದ್ದು ಮಂಗಳವಾರ. ಬುಧ, ಗುರು, ಶುಕ್ರ. ಮೂರು ದಿನ. ಅವಳ ಕೈಯಲ್ಲಿದ್ದ ತಂಬಿಗೆಯಿಂದ ನೀರು ಪಾದದ ಮೇಲೆ ಸುರಿಯುತ್ತಲೇ ಇತ್ತು. ಸನಿತ್ ಮೆಲ್ಲನೆ ತಂಬಿಗೆ ಇಸಿದುಕೊಂಡ.

ಒಳಗೆ ವಾಂದೀ ಚಾಪೆ ಹಾಸಿ ಕೂತಿದ್ದಳು. ದೀಪ ಹಚ್ಚಿಸಿದ್ದಳು. ಊಟದ ತಟ್ಟೆಗಳ ಸದ್ದಿನ ನಡುವೆ, ತಂಗಿ ಬಂದು ಕೂತ ಸುಳಿವಾದೊಡನೆ ಪಿಸುಗುಟ್ಟಿದಳು: "ಎಡಗಡೆ ಹಿಂದಿನ ಚಕ್ರದ ಬೇರಿಂಗ್ ಹೋಗಿದೆ ಕಣೇ. ಮೂವತ್ತು ವರ್ಷ ಗಿರಣಿ ಬೆಲ್ಟಿನ ಸದ್ದು ಕೇಳಿದೋಳಿಗೆ ಗೊತ್ತಾಗಲ್ವಾ? ಗಾಡಿ ಊರಬಾಗಿಲಿಗೆ ಬಂದಾಗಲೇ ಅಂದ್ಕೊಂಡೆ, ಪಾಪ, ಹಳೇದು ಅಂತ. ಪ್ರಯೂನಂಗೆ ಹೇಳ್ಬೇಡ, ನೊಂದ್ಕೋತಾನೆ."

"ಹೇಳಲ್ಲ ಅಕ್ಕಾ."

"ಎಲ್ಲಿ, ಈ ಕಡೆ ತಿರುಗು. ಮುಖ ತೋರಿಸು ಅಂತ ಆರು ತಿಂಗಳಿಂದ ಕೇಳ್ತಿದೀನಿ."

ಬುಪ್ಪಾ ತಿರುಗಿ ಕೂತಳು. ಕೆನ್ನೆಯ ಮೇಲಿನ ನೀರು ಒರೆಸಿಕೊಳ್ಳಲು ಕೈ ಎತ್ತಿದವಳು, ಬೇಕಿಲ್ಲವೆಂದು ಹೊಳೆದು, ಹಾಗೇ ಬಿಟ್ಟಳು.

ವಾಂದೀ ಬಹಳ ಹೊತ್ತು ನೋಡಿದಳು. ಅವಳ ನೋಟ ತಂಗಿಯ ಕಿವಿಯಿಂದ ಒಂದು ಗೇಣು ಆಚೆ, ಗೋಡೆಗೆ ಒರಗಿಸಿಟ್ಟ ಮೊರದ ಮೇಲೆ ನೆಟ್ಟಿತ್ತು. ಆ ಮೊರವನ್ನು ನೋಡುತ್ತಲೇ ಅವಳ ಮುಖ ಅರಳಿತು.

"ಹಾಗೇ ಇದ್ದೀಯಲ್ಲೇ," ಎಂದಳು. "ಒಂಚೂರೂ ಬದಲಾಗಿಲ್ಲ."

ಬುಪ್ಪಾ ಉಸಿರು ಬಿಗಿಹಿಡಿದು, ಚಾಪೆ ಸರಕ್ ಎನ್ನದಂತೆ, ಮೊಣಕಾಲ ಮೇಲೆ ಒಂದು ಗೇಣು ಪಕ್ಕಕ್ಕೆ ಸರಿದಳು. ಅಕ್ಕನ ಕಣ್ಣು ನೆಟ್ಟಿದ್ದ ಜಾಗಕ್ಕೆ ತನ್ನ ಮುಖ ತಂದು ಹಿಡಿದು, ಅಲ್ಲಾಡದೆ ಕೂತಳು.